ಹೊಟ್ಟೆಯೊಳಗೇ ಪವರ್‌ಹೌಸ್ ಇಟ್ಟುಕೊಂಡ ಗೂಡ್ಸ್ ಎಂಜಿನ್

ಆಳಂದ, ಅಫಜಲಪುರ, ಜೇವರ್ಗಿ. ರೈಲ್ವೆ ನಕಾಶೆ ಹರಡಿಕೊಂಡು ಈ ಮೂರು ಊರು ಹುಡುಕಿ ನೋಡಿ ಮಕ್ಕಳೇ, ಒಂದೂ ಸಿಗುವುದಿಲ್ಲ. ಇಷ್ಟು ದೊಡ್ಡ ಮೂರು ತಾಲೂಕು ಪಟ್ಟಣಗಳಿಗೆ ಇವತ್ತಿಗೂ ರೈಲಿಲ್ಲ. ಹಾಗಿದ್ದಮೇಲೆ ಹಿರೋಳ್ಳಿಯ ಈ ಮುದುಕ ರೈಲಿನ ಬಗ್ಗೆ ಏನು ಬರೆಯುತ್ತಾನೆ ಎಂದು ನಿಮ್ಮ ಅಜ್ಜಂದಿರು ಕನ್ನಡಕ ಸರಿಮಾಡಿಕೊಳ್ಳುತ್ತಿರಬಹುದು. ಸ್ವಲ್ಪ ತಡೆಯಿರಿ.

ನಮ್ಮ ಹಿರೋಳ್ಳಿ ಇರುವುದು ಕರ್ನಾಟಕದ ಅಂಚಿನಲ್ಲಿ. ಚೆಕ್‌ಪೋಸ್ಟ್ ದಾಟಿದರೆ ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕು. ಗಡಿ ನಕಾಶೆಯಲ್ಲಿದೆ, ಮಾತಿನಲ್ಲಿ ಇಲ್ಲ. ಆ ಕಡೆಯೂ ಕನ್ನಡವೇ. ನಾವು ಹುಡುಗರಿದ್ದಾಗ ರೈಲು ನೋಡಬೇಕೆಂದರೆ ಆ ಕಡೆಯ ದುಧನಿಗೋ ಬೋರೋಟಿಗೋ ಹೋಗಬೇಕಿತ್ತು. ಇಲ್ಲವೇ ಗಾಣಗಾಪುರ ರೋಡ್ ಸ್ಟೇಷನ್ನಿಗೆ. ದತ್ತಾತ್ರೇಯನ ದರ್ಶನಕ್ಕೆ ದೇವಲ ಗಾಣಗಾಪುರಕ್ಕೆ ಹೋಗುವವರು ಇಳಿಯುವುದು ಅಲ್ಲೇ. ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ, ವಾಡಿ ಮೇಲೆ ರಾಯಚೂರಿಗೆ ಹೋಗುವ ಈ ಹಳಿ ಸಣ್ಣಪುಟ್ಟದ್ದಲ್ಲ. ಮುಂಬೈ ಮತ್ತು ಮದ್ರಾಸ್ ಕಡೆಯಿಂದ ಹಾಕುತ್ತ ಬಂದ ಎರಡು ಹಳಿಗಳು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ನೂರೈವತ್ತು ವರ್ಷಕ್ಕೂ ಹಳೆಯ ದಾರಿ ಅದು.

ಈ ದಾರಿಯ ಮೇಲೆ ನಾನು ಕಂಡದ್ದು ಮೂರು ತಲೆಮಾರಿನ ಎಂಜಿನ್. ಮೊದಲು ಉಗಿಯದು. ಆಮೇಲೆ ಡೀಸೆಲ್. ಈಗ ಕರೆಂಟಿನದು. ಉಗಿ ಎಂಜಿನ್ನಿನ ಬಗ್ಗೆ ಕವಿಗಳು ಬರೆದಿದ್ದಾರೆ, ಸಿನಿಮಾದವರು ತೋರಿಸಿದ್ದಾರೆ. ಕರೆಂಟಿನ ಗಾಡಿಯ ಬಗ್ಗೆ ಪೇಪರಿನವರು ದಿನಾ ಬರೆಯುತ್ತಾರೆ. ನಡುವಿನ ಮಗನಿಗೆ ಯಾವಾಗಲೂ ಹೊಸ ಅಂಗಿ ತಡವಾಗಿ ಸಿಗುತ್ತದಲ್ಲ, ಹಾಗೆ ಡೀಸೆಲ್ ಎಂಜಿನ್ನಿನ ಸುದ್ದಿ ಎತ್ತಿದವರು ಕಡಿಮೆ. ಅದರಲ್ಲೂ ಸರಕು ಎಳೆಯುವ ಎಂಜಿನ್ ಎಂದರೆ ಮುಗಿಯಿತು. ಗೂಡ್ಸ್ ಗಾಡಿ ಬಂದರೆ ಎಲ್ಲರೂ ಮುಖ ಆ ಕಡೆ ಮಾಡಿ ತಮ್ಮ ಗಾಡಿ ಯಾವಾಗ ಎಂದು ಕೇಳುತ್ತಾರೆ. ಅದಕ್ಕೇ ಈ ವಾರ ಅದರ ಸರದಿ.

ಮೊದಲು ಒಂದು ಗುಟ್ಟು. ಡೀಸೆಲ್ ಎಂಜಿನ್ ಎಂದು ನಾವು ಕರೆಯುವುದು ನಿಜವಾಗಿ ಕರೆಂಟಿನ ಎಂಜಿನ್ನೇ. ಲಾರಿಯಲ್ಲಿ ಡೀಸೆಲ್ ಎಂಜಿನ್ ಗೇರುಗಳ ಮೂಲಕ ಗಾಲಿ ತಿರುಗಿಸುತ್ತದೆ. ರೈಲಿನಲ್ಲಿ ಹಾಗಲ್ಲ. ಒಳಗಿರುವ ದೈತ್ಯ ಡೀಸೆಲ್ ಯಂತ್ರ ತಿರುಗಿಸುವುದು ಒಂದು ಜನರೇಟರನ್ನು. ಅದರಿಂದ ಬಂದ ಕರೆಂಟು ಕೆಳಗಿರುವ ಮೋಟಾರುಗಳಿಗೆ ಹೋಗುತ್ತದೆ. ಆರು ಅಚ್ಚುಗಳಿಗೆ ಆರು ಮೋಟಾರು. ಗಾಲಿ ತಿರುಗಿಸುವವು ಅವೇ. ಅಂದರೆ ತನ್ನ ಪವರ್‌ಹೌಸನ್ನು ತಾನೇ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಕರೆಂಟಿನ ಗಾಡಿ. ನನ್ನ ಮೊಮ್ಮಗನಿಗೆ ಇದನ್ನು ಹೇಳಿದಾಗ, "ಮುತ್ಯಾ, ಹಂಗಾದ್ರ ಈಗ ಹೊಟ್ಟಿ ಖಾಲಿ ಮಾಡ್ಯಾರ ಅನ್ನು" ಎಂದ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಹುಡುಗ ಹೇಳಿದ್ದು ಬರೋಬ್ಬರಿ. ಪವರ್‌ಹೌಸನ್ನು ಇಳಿಸಿ ದೂರ ಇಟ್ಟು, ಕರೆಂಟನ್ನು ತಂತಿಯಲ್ಲಿ ತಂದರೆ ಅದೇ ಇವತ್ತಿನ ಎಂಜಿನ್.

ಎಂಜಿನ್ನಿನ ಮೈಮೇಲೆ ಬರೆದ ಅಕ್ಷರಗಳನ್ನು ಓದುವುದು ಒಂದು ಆಟ. ಡಬ್ಲ್ಯು ಎಂದರೆ ಅಗಲ ಹಳಿ, ಅಂದರೆ ಬ್ರಾಡ್‌ಗೇಜ್. ಡಿ ಎಂದರೆ ಡೀಸೆಲ್, ಎ ಎಂದರೆ ತಂತಿಯ ಎಸಿ ಕರೆಂಟು. ಕೊನೆಗೆ ಜಿ ಇದ್ದರೆ ಗೂಡ್ಸ್, ಪಿ ಇದ್ದರೆ ಪ್ಯಾಸೆಂಜರ್, ಎಂ ಇದ್ದರೆ ಎರಡೂ ಕೆಲಸ. ನಮ್ಮ ಕಾಲದ ದೊಡ್ಡಣ್ಣ ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೊ ಕಂಪನಿಯ ನಮೂನೆ. 1962ರಲ್ಲಿ ಮೊದಲ ಎಂಜಿನ್‌ಗಳು ಅಲ್ಲಿಂದಲೇ ಬಂದವು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ನಮ್ಮವರೇ ಮಾಡತೊಡಗಿದರು. ಹದಿನಾರು ಸಿಲಿಂಡರ್, 2,600 ಅಶ್ವಶಕ್ತಿ, 5,000 ಲೀಟರಿನ ಎಣ್ಣೆ ಟಾಕಿ. ಎಂ ಅಕ್ಷರಕ್ಕೆ ತಕ್ಕಂತೆ ಬೆಳಗ್ಗೆ ಮೇಲ್ ಗಾಡಿ, ರಾತ್ರಿ ಸಿಮೆಂಟು. ಯಾವುದಕ್ಕೂ ಇಲ್ಲ ಎನ್ನದ ಎತ್ತು. ಆಮೇಲೆ ಗೂಡ್ಸಿಗೆಂದೇ 3,100 ಅಶ್ವಶಕ್ತಿಯ ಡಬ್ಲ್ಯುಡಿಜಿ-3ಎ ಬಂತು. 1999ರ ಹೊತ್ತಿಗೆ ಮತ್ತೆ ಅಮೆರಿಕದಿಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಬಂತು. ಇದರ ತವರುಮನೆ ನಮ್ಮ ಹುಬ್ಬಳ್ಳಿ ಶೆಡ್.

ಶೆಡ್ಡಿನ ಹೆಸರನ್ನೂ ಎಂಜಿನ್ನಿನ ಮೇಲೆ ಬರೆದಿರುತ್ತಾರೆ. ಗುತ್ತಿ, ಪುಣೆ, ಕಾಜೀಪೇಟೆ, ಹುಬ್ಬಳ್ಳಿ. ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಭೂಗೋಳದ ಪಾಠ ತಾನಾಗಿಯೇ ಆಗುತ್ತಿತ್ತು.

ಇನ್ನು ನನಗೂ ಇದಕ್ಕೂ ಏನು ಸಂಬಂಧ? ನಾನು ಬಿ.ಕಾಂ. ಮಾಡಿ ಎಪ್ಪತ್ತರ ದಶಕದಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಶಹಾಬಾದ, ವಾಡಿ, ಕಲಬುರಗಿ ಎಂದು ಈ ಹಳಿಯ ಉದ್ದಕ್ಕೇ ವರ್ಗವಾಗುತ್ತ ಇದ್ದೆ. ನನ್ನ ಟೇಬಲ್ಲಿಗೆ ಗೂಡ್ಸ್ ಗಾಡಿ ಬರುತ್ತಿದ್ದದ್ದು ಕಾಗದದ ರೂಪದಲ್ಲಿ. ಅದಕ್ಕೆ ರೇಲ್ವೆ ರಸೀದಿ, ಚಿಕ್ಕದಾಗಿ ಆರ್‌ಆರ್ ಅನ್ನುತ್ತಿದ್ದರು. ಈ ವ್ಯವಹಾರ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ.

ಕಲಬುರಗಿ ಗಂಜಿನ ಒಬ್ಬ ವ್ಯಾಪಾರಿ ಮದ್ರಾಸಿನ ವ್ಯಾಪಾರಿಗೆ ಒಂದು ವ್ಯಾಗನ್ ತೊಗರಿಬೇಳೆ ಕಳಿಸಬೇಕು. ಒಬ್ಬರಿಗೊಬ್ಬರ ಮುಖ ಪರಿಚಯವಿಲ್ಲ. ಬೇಳೆ ಮೊದಲು ಕಳಿಸಿದರೆ ಇವನಿಗೆ ಭಯ, ರೊಕ್ಕ ಮೊದಲು ಕಳಿಸಿದರೆ ಅವನಿಗೆ ಭಯ. ಆಗ ಇವನು ಬೇಳೆಯನ್ನು ವ್ಯಾಗನ್ನಿಗೆ ತುಂಬಿ, ರೈಲ್ವೆಯವರಿಂದ ಆರ್‌ಆರ್ ತಂದು ನಮ್ಮ ಬ್ಯಾಂಕಿಗೆ ಕೊಡುವನು. ನಾವು ಅದರ ಮೇಲೆ ಅವನಿಗೆ ರೊಕ್ಕ ಕೊಟ್ಟು, ಆರ್‌ಆರನ್ನು ರಿಜಿಸ್ಟರ್ ಅಂಚೆಯಲ್ಲಿ ಮದ್ರಾಸಿನ ಬ್ಯಾಂಕಿಗೆ ಕಳಿಸುವೆವು. ಅಲ್ಲಿನ ವ್ಯಾಪಾರಿ ಬ್ಯಾಂಕಿಗೆ ರೊಕ್ಕ ಕಟ್ಟಿ ಆ ಕಾಗದ ಬಿಡಿಸಿಕೊಂಡು, ಅದನ್ನು ಸ್ಟೇಷನ್ನಿನಲ್ಲಿ ತೋರಿಸಿದರೆ ಬೇಳೆ ಅವನದು. ಕಾಗದವಿಲ್ಲದಿದ್ದರೆ ಒಂದು ಕಾಳೂ ಸಿಗದು. ನೋಡಿ, ಎಷ್ಟು ಚೆಂದದ ಏರ್ಪಾಟು! ಎರಡು ಕಡೆಯ ಅಪನಂಬಿಕೆಯನ್ನು ಒಂದು ಎಂಜಿನ್ನು, ಒಂದು ಅಂಚೆಯವನು, ಒಬ್ಬ ಗುಮಾಸ್ತ ಕೂಡಿ ಹೊತ್ತುಕೊಂಡು ಹೋಗುತ್ತಿದ್ದರು.

ಆ ರಸೀದಿಯಲ್ಲಿ ವ್ಯಾಗನ್ನಿನ ನಂಬರನ್ನು ಕೈಯಲ್ಲೇ ಬರೆದಿರುತ್ತಿದ್ದರು. ನಾನು ಅದನ್ನು ಲೆಡ್ಜರಿಗೆ ಇಳಿಸುತ್ತಿದ್ದೆ. ಸಂಜೆ ಕಚೇರಿ ಬಿಟ್ಟು ಸ್ಟೇಷನ್ ಕಡೆ ಹೋದಾಗ, ಆ ನಂಬರಿನ ವ್ಯಾಗನ್ನು ಡೀಸೆಲ್ ಎಂಜಿನ್ನಿನ ಹಿಂದೆ ನಿಂತಿದೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು. ಒಮ್ಮೊಮ್ಮೆ ಸಿಗುತ್ತಿತ್ತು ಕೂಡ. ಸಿಕ್ಕ ದಿನ ರಾತ್ರಿ ಊಟ ರುಚಿಯಾಗಿರುತ್ತಿತ್ತು ಎಂದರೆ ನನ್ನ ಮನೆಯಾಕೆ ಈಗಲೂ ನಗುತ್ತಾಳೆ.

ಎಂಬತ್ತರ ದಶಕದಲ್ಲಿ ರೈಲ್ವೆ ತನ್ನ ರೀತಿ ಬದಲಿಸಿತು. ಒಂದೆರಡು ವ್ಯಾಗನ್ ಸರಕಿನ ಬದಲು, ಇಡೀ ಗಾಡಿಯನ್ನೇ ಒಂದು ಕಡೆ ತುಂಬಿ ಒಂದೇ ಕಡೆ ಇಳಿಸುವ ಪದ್ಧತಿ ಗಟ್ಟಿಯಾಯಿತು. ಒಂದೊಂದು ಯಾರ್ಡಿನಲ್ಲಿ ವ್ಯಾಗನ್ ಬಿಡಿಸಿ ಜೋಡಿಸುವುದರಲ್ಲಿ ದಿನಗಟ್ಟಲೆ ಹೋಗುತ್ತಿದ್ದದ್ದು ತಪ್ಪಿತು. ರೈಲ್ವೆಯ ಲೆಕ್ಕಕ್ಕೆ ಅದು ಸರಿ. ಆದರೆ ಗಂಜಿನ ಸಣ್ಣ ವ್ಯಾಪಾರಿ ಇಡೀ ಗಾಡಿ ತುಂಬ ಬೇಳೆ ಎಲ್ಲಿಂದ ತಂದಾನು? ಅವನು ಲಾರಿ ಹತ್ತಿದ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು, ಎಲ್ಲರಿಗೂ ಹೆಮ್ಮೆ. ನನಗೆ ಮಾತ್ರ ಆ ಹಳೆಯ ಆರ್‌ಆರ್‌ಗಳು ಕಣ್ಣಮುಂದೆ ಬಂದವು. ನಾನು ನಿವೃತ್ತನಾಗುವ ಹೊತ್ತಿಗೆ ಬೇಳೆಯ ಆರ್‌ಆರ್ ನೋಡಿ ಬಹಳ ವರ್ಷವಾಗಿತ್ತು. ಈಗ ಆರ್‌ಆರ್ ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಕೈ ಬದಲಿಸುತ್ತದಂತೆ.

ಡೀಸೆಲ್ ಗಾಡಿಗೆ ಉಳಿದದ್ದು ಸಿಮೆಂಟು, ಕಲ್ಲಿದ್ದಲು, ಎಣ್ಣೆ, ಗೊಬ್ಬರ. ಅದೂ ಕಡಿಮೆಯದಲ್ಲ. ವಾಡಿ, ಮಳಖೇಡ, ಸೇಡಂ ಸುತ್ತಲೂ ನೆಲದಡಿ ಸುಣ್ಣದ ಕಲ್ಲು; ಅದಕ್ಕೇ ಅಲ್ಲೆಲ್ಲ ಸಿಮೆಂಟ್ ಕಾರ್ಖಾನೆಗಳು. ಒಂದು ಲೆಕ್ಕ ಹಾಕೋಣ, ಹಳೆಯ ಚಟ. ಮುಚ್ಚಿದ ವ್ಯಾಗನ್ನಿಗೆ ಸುಮಾರು 60 ಟನ್ ಸಿಮೆಂಟ್ ಎಂದುಕೊಳ್ಳಿ. 50 ಕಿಲೋದ ಚೀಲವಾದರೆ 1,200 ಚೀಲ. ಇಂಥ 42 ವ್ಯಾಗನ್ ಸೇರಿದರೆ 50,400 ಚೀಲ. ಇದನ್ನೇ 20 ಟನ್ ಹೊರುವ ಲಾರಿಗಳಿಗೆ ಹಾಕಿದರೆ 126 ಲಾರಿ ಬೇಕು. ನಮ್ಮ ಹಿರೋಳ್ಳಿ ಚೆಕ್‌ಪೋಸ್ಟಿನಲ್ಲಿ 126 ಲಾರಿ ಸಾಲಾಗಿ ನಿಂತರೆ ಕೊನೆಯವನು ಯಾವ ಹೊಲದ ಬದುವಿನಲ್ಲಿ ನಿಲ್ಲಬೇಕೋ! ಅಷ್ಟನ್ನೂ ಒಬ್ಬ ಡ್ರೈವರ್, ಒಬ್ಬ ಸಹಾಯಕ, ಹಿಂದೆ ಒಬ್ಬ ಗಾರ್ಡ್, ಹೀಗೆ ಮೂರೇ ಜನ ಒಯ್ಯುತ್ತಿದ್ದರು. ಭಾರ ಹೆಚ್ಚಿದ್ದರೆ ಎರಡು ಎಂಜಿನ್ ಜೋಡಿಸುತ್ತಿದ್ದರು. ನಡುವೆ ದಪ್ಪ ಕೇಬಲ್ ಹಾಕಿದರೆ ಮುಂದಿನವನು ಹಿಡಿ ತಿರುಗಿಸಿದಂತೆ ಹಿಂದಿನದೂ ನಡೆಯುತ್ತದೆ. ಜೋಡೆತ್ತಿಗೆ ಒಂದೇ ಬಾರುಕೋಲು.

ವಾಡಿಯ ನಮ್ಮ ಶಾಖೆಯಲ್ಲಿ ಖಾತೆ ಇದ್ದ ಒಬ್ಬ ಗೂಡ್ಸ್ ಡ್ರೈವರ್ ನನಗೆ ಗೆಳೆಯರಾದರು. ಹೆಸರು ಬೇಡ, ಅವರಿಗೆ ಪೇಪರಿನಲ್ಲಿ ಬರುವುದು ಸೇರದು. ಡೀಸೆಲ್ ವಿಷಯ ನಾನು ಕಲಿತದ್ದೆಲ್ಲ ಅವರಿಂದ. ಹಿಡಿಗೆ ಎಂಟು ಮೆಟ್ಟಿಲು. ಅದಕ್ಕೆ ನಾಚ್ ಅನ್ನುತ್ತಾರೆ. ಒಂದೊಂದೇ ಏರಿಸಬೇಕು. ಅವಸರಪಟ್ಟು ಏರಿಸಿದರೆ ಕರೀ ಹೊಗೆ ಗೋಪುರದಷ್ಟೆತ್ತರ ಏಳುತ್ತದೆ. ಎಣ್ಣೆ ಒಮ್ಮೆಲೇ ಬಂತು, ಅದನ್ನು ಸುಡುವಷ್ಟು ಗಾಳಿ ಟರ್ಬೊದಿಂದ ಇನ್ನೂ ಬಂದಿಲ್ಲ. ಅರ್ಧ ಸುಟ್ಟ ಎಣ್ಣೆಯೇ ಆ ಹೊಗೆ. ಮಳೆಗಾಲದಲ್ಲಿ ಹಳಿ ಜಾರಿದರೆ ಗಾಲಿಯ ಮುಂದೆ ಸಣ್ಣ ನಳಿಗೆಯಿಂದ ಉಸುಕು ಸುರಿಸುತ್ತಾರೆ. ಐದು ಸಾವಿರ ಲೀಟರ್ ಎಣ್ಣೆಯ ಯಂತ್ರ ಕೊನೆಗೆ ಬೊಗಸೆ ಉಸುಕಿನ ಮೊರೆ ಹೋಗಬೇಕು.

ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಗಂಟೆಗಟ್ಟಲೆ ಸುಮ್ಮನೆ ನಿಂತಾಗಲೂ ಎಂಜಿನ್ ಢಬ್ ಢಬ್ ಅನ್ನುತ್ತಲೇ ಇರುತ್ತಿತ್ತು. ನಾನು ಕೇಳಿದೆ, "ಬಂದ್ ಯಾಕ ಮಾಡಂಗಿಲ್ರಿ? ಎಣ್ಣಿ ಹಾಳಲ್ಲೇನು?" ಅವರು ನಕ್ಕರು. "ಸಾಹೇಬ್ರ, ಬಂದ್ ಮಾಡಿದ್ರ ಬ್ರೇಕಿನ ಗಾಳಿ ಇಳೀತದ. ಮತ್ತ ಚಾಲೂ ಆಗ್ಲಿಲ್ಲಂದ್ರ ಮೇನ್ ಲೈನೇ ಬಂದ್. ನಿಮ್ಮ ಬ್ಯಾಂಕಿನ್ಯಾಗ ಕ್ಯಾಷಿಯರ್ ನಿದ್ದಿ ಮಾಡಿದ್ರ ನಡೀತದೇನು?" ಹೀಗೆ ನಿಂತಲ್ಲೇ ತಿರುಗಲು ಎಂಜಿನ್ನಿಗೆ ಗಂಟೆಗೆ ಸುಮಾರು 25 ಲೀಟರ್ ಎಣ್ಣೆ ಬೇಕು. ಆಮೇಲಾಮೇಲೆ ಒಂದು ಸಣ್ಣ ಸಹಾಯಕ ಎಂಜಿನ್ ಇಟ್ಟು ಅದನ್ನು 3 ಲೀಟರಿಗೆ ಇಳಿಸುವ ಉಪಾಯ ಕಂಡುಹಿಡಿದರು. ಅಷ್ಟರಲ್ಲಿ ಡೀಸೆಲ್ಲಿನ ಕಾಲವೇ ಇಳಿಮುಖವಾಗಿತ್ತು.

2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, ಉಳಿದ ಎಲ್ಲ ಬ್ರಾಡ್‌ಗೇಜ್ ಹಳಿಗೂ ಕರೆಂಟಿನ ತಂತಿ ಎಳೆಯಲು ಒಪ್ಪಿಗೆ ಕೊಟ್ಟಿತು. ನಮ್ಮ ದಾರಿಯಲ್ಲಿ ದೌಂಡದಿಂದ ವಾಡಿಯವರೆಗೆ ಜೋಡಿ ಹಳಿಯ ಕೆಲಸವೂ ತಂತಿಯ ಕೆಲಸವೂ ಜೊತೆಜೊತೆಗೇ ನಡೆದಿದ್ದವು. ಹೊಲಗಳ ನಡುವೆ ಕಂಬಗಳು ಎದ್ದವು. ತಮಾಷೆ ನೋಡಿ, ಆ ಕಂಬ, ಕಬ್ಬಿಣ, ತಂತಿಯ ಉರುಳೆಗಳನ್ನು ಹೊತ್ತು ತರುವ ಗಾಡಿಗಳನ್ನು ಎಳೆಯಬೇಕಾದದ್ದು ಡೀಸೆಲ್ ಎಂಜಿನ್ನೇ. ತಂತಿ ಇಲ್ಲದ ಕಡೆ ಬೇರೆ ಯಾರು ಬಂದಾರು? ತನ್ನ ಜಾಗಕ್ಕೆ ಬರುವವನ ಹಾಸಿಗೆಯನ್ನು ತಾನೇ ಹೊತ್ತು ತಂದು ಹಾಸಿತು. 2022ರ ಆಗಸ್ಟಿನಲ್ಲಿ ಭಿಗವಣ ಕಡೆಯ ಕೊನೆಯ ತುಂಡೂ ಮುಗಿದು ಜೋಡಿ ಹಳಿ ಪೂರ್ತಿಯಾಯಿತು. 2023ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಲಾತೂರ ಕಡೆ, ಔಸಾ ರೋಡ್‌ನಿಂದ ಲಾತೂರ ರೋಡ್‌ವರೆಗೆ ತಂತಿ ಎಳೆದಾಗ, ಇಡೀ ಮಧ್ಯ ರೈಲ್ವೆಯ ಬ್ರಾಡ್‌ಗೇಜಿನಲ್ಲಿ ತಂತಿಯಿಲ್ಲದ ಹಳಿಯೇ ಉಳಿಯಲಿಲ್ಲ. ಆ ಕೊನೆಯ ತುಂಡೂ ನಮ್ಮ ಸೊಲ್ಲಾಪುರ ವಿಭಾಗದ್ದೇ.

ಬದಲಾವಣೆ ಒಂದೇ ದಿನ ಆಗಲಿಲ್ಲ. ಕೆಲವು ಕಾಲ ತಂತಿಯ ಕೆಳಗೇ ಡೀಸೆಲ್ ಎಂಜಿನ್‌ಗಳು ಹೊಗೆ ಬಿಡುತ್ತ ಓಡಾಡಿದವು. ಮನೆಗೆ ನಳ ಬಂದಮೇಲೂ ಬಾವಿಯಿಂದ ನೀರು ಸೇದುವವರಿರುತ್ತಾರಲ್ಲ, ಹಾಗೆ. ಆಮೇಲೆ ಒಂದು ಸಲ ಗಾಣಗಾಪುರ ರೋಡ್‌ನಲ್ಲಿ ಗಾಡಿಗೆ ಕಾದು ಕೂತಿದ್ದಾಗ ಮೂರು ಗೂಡ್ಸ್ ಹಾದುಹೋದವು. ಮೂರಕ್ಕೂ ಕರೆಂಟಿನ ಎಂಜಿನ್. ಡಬ್ಲ್ಯುಎಜಿ-9, ಆರು ಸಾವಿರ ಅಶ್ವಶಕ್ತಿ. ನಮ್ಮ ದೊಡ್ಡಣ್ಣ ಇಬ್ಬರು ಕೂಡಿ ಎಳೆಯುವುದನ್ನು ಒಬ್ಬನೇ ಎಳೆದು ಇನ್ನೂ ಮಿಗಿಸುತ್ತಾನೆ.

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಕೇಳಿದರೆ, ಲೆಡ್ಜರ್ ಬರೆದವನ ಉತ್ತರ: ಒಳ್ಳೆಯದು. ಡೀಸೆಲ್ಲಿಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಬಹುಪಾಲು ಹೊರದೇಶದ್ದು. ಹೊಗೆ ನಮ್ಮದೇ ಮಕ್ಕಳ ಎದೆಗೆ. ಇನ್ನೊಂದು ಲೆಕ್ಕವೂ ಇದೆ. ಡೀಸೆಲ್ ಎಂಜಿನ್ ಇಳಿಜಾರಿನಲ್ಲಿ ವೇಗ ತಗ್ಗಿಸುವಾಗ ಗಾಲಿಯ ಮೋಟಾರುಗಳೇ ತಿರುಗಿ ಕರೆಂಟು ಹುಟ್ಟಿಸುತ್ತವೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕಾವು ಮಾಡಿ ಗಾಳಿಗೆ ಬಿಡುತ್ತಿತ್ತು. ಹೊಸ ಎಂಜಿನ್ ಆ ಕರೆಂಟನ್ನು ತಂತಿಗೇ ಮರಳಿಸುತ್ತದೆ. ಡೆಬಿಟ್ ಮಾತ್ರ ಇದ್ದ ಖಾತೆಗೆ ಕ್ರೆಡಿಟ್ಟೂ ಬಂದಂತೆ. ಇದಕ್ಕೆ ನಾನು ಎದುರಾಡಲಾರೆ.

ಆದರೆ ಲೆಡ್ಜರಿಗೆ ಇಳಿಯದ್ದೂ ಒಂದಿದೆ. ನನ್ನ ಡ್ರೈವರ್ ಗೆಳೆಯರಿಗೆ ಈಗ ಕಿವಿ ಮಂದ. ಮೂವತ್ತು ಚಿಲ್ಲರೆ ವರ್ಷ ಎಂಜಿನ್ನಿನ ಸದ್ದಿನೊಳಗೇ ಕೂತವರು. ಮಜಾ ಏನೆಂದರೆ ಅದೇ ಕಿವಿ ಅವರ ಬಂಡವಾಳವೂ ಆಗಿತ್ತು. ಟರ್ಬೊದ ಸಿಳ್ಳೆ ತುಸು ಬೇರೆಯಾದರೆ, ಢಬ್ ಢಬ್‌ನಲ್ಲಿ ಒಂದು ಪೆಟ್ಟು ತಪ್ಪಿದರೆ, ಮೀಟರ್ ನೋಡುವ ಮೊದಲೇ ಅವರಿಗೆ ಗೊತ್ತು. ನೌಕರಿಯ ಕೊನೆಯ ವರ್ಷಗಳಲ್ಲಿ ಕರೆಂಟಿನ ಎಂಜಿನ್ನಿನ ತರಬೇತಿಗೆ ಕಳಿಸಿದರು. ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದು ಪಾಸಾದರು. ಹೊಸ ಎಂಜಿನ್ ಹೇಗಿದೆ ಎಂದು ಕೇಳಿದೆ. "ಛಲೋ ಅದ ರೀ. ಧೂಳಿಲ್ಲ, ಹೊಗಿಲ್ಲ. ಖರೇ ಅಂದ್ರ, ಅದು ಮಾತಾಡ್ತಿತ್ತು, ಇದು ಸುಮ್ಮ ಇರ್ತದ. ಏನಾಗ್ಯಾದಂತ ಟಿವಿಯಂಥಾ ಪರದೆದಾಗ ಬರ್ಕೊಂಡು ಬರ್ತದ. ಓದೂದು, ಮಾಡೂದು. ನನ್ನ ಕಿವಿಗಿ ಅಲ್ಲಿ ಕೆಲಸ ಇಲ್ರಿ." ಅವರ ಮಗ ಈಗ ಅದೇ ಕೆಲಸದಲ್ಲಿದ್ದಾನೆ. ಅವನ ಹುದ್ದೆಯ ಹೆಸರು ಲೋಕೋ ಪೈಲಟ್. ಅವನಿಗೆ ಕೇಳಿದರೆ ಡೀಸೆಲ್ಲಿನ ನೆನಪೇ ಬೇಡ, ಕಿವಿ ಉಳಿದರೆ ಸಾಕು ಅನ್ನುತ್ತಾನೆ. ಅಪ್ಪ, ಮಗ ಇಬ್ಬರ ಮಾತೂ ನನಗೆ ಸರಿಯೆನಿಸುತ್ತದೆ. ಚಹಾ ಕುಡಿಯುವಾಗ ಯಾರ ಪಕ್ಕ ಹಿಡಿಯುವುದೆಂದು ತಿಳಿಯದೆ ಬಿಸ್ಕತ್ತಿಗೆ ಕೈ ಹಾಕುತ್ತೇನೆ.

ಮಕ್ಕಳೇ, ನಡುವೆ ಒಂದು ಮಾತು. ಹಳಿಯ ಮೇಲಿನ ಆ ತಂತಿಯಲ್ಲಿ 25,000 ವೋಲ್ಟ್ ಕರೆಂಟು ಇದೆ. ಮನೆಯದು 230. ಮುಟ್ಟಬೇಕೆಂದೇನೂ ಇಲ್ಲ, ತೀರಾ ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. ನಿಂತ ಗೂಡ್ಸ್ ವ್ಯಾಗನ್ನಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು, ಹಳಿಯ ಹತ್ತಿರ ಗಾಳಿಪಟ ಬಿಡುವುದು, ಎರಡೂ ಬೇಡ. ಡೀಸೆಲ್ ಕಾಲದಲ್ಲಿ ವ್ಯಾಗನ್ ಹತ್ತಿದ ಕತೆಗಳನ್ನು ನಿಮ್ಮ ಅಜ್ಜಂದಿರು ಹೇಳಬಹುದು. ಆಗ ಮೇಲೆ ಬರೀ ಆಕಾಶವಿತ್ತು.

ಹಾಗಾದರೆ ಆ ಎಂಜಿನ್‌ಗಳೆಲ್ಲ ಎಲ್ಲಿ ಹೋದವು? ಹಳೆಯವು ಗುಜರಿಗೆ ಹೋದವು, ಕತ್ತರಿಸಿ ಕಬ್ಬಿಣವಾದವು. ಎರಡು ಹಳೆಯ ಗೂಡ್ಸ್ ಡೀಸೆಲ್‌ಗಳ ಹೊಟ್ಟೆ ಖಾಲಿ ಮಾಡಿ, ಜೋಡಿಸಿ, 10,000 ಅಶ್ವಶಕ್ತಿಯ ಒಂದು ಕರೆಂಟಿನ ಎಂಜಿನ್ ಮಾಡಿದ್ದೂ ಉಂಟು. 2019ರ ಫೆಬ್ರವರಿ 19ರಂದು ವಾರಾಣಸಿಯಲ್ಲಿ ಪ್ರಧಾನಿಯವರು ಅದಕ್ಕೆ ಹಸಿರು ನಿಶಾನೆ ತೋರಿಸಿದ್ದರು. ನನ್ನ ಮೊಮ್ಮಗ ಹೇಳಿದ ಉಪಾಯ ಅಲ್ಲಿನ ಎಂಜಿನಿಯರರಿಗೂ ಹೊಳೆದಿತ್ತು ಅನ್ನಿ. ಬಾಂಗ್ಲಾದೇಶಕ್ಕೆ 2020ರಲ್ಲಿ ಹತ್ತು, 2023ರಲ್ಲಿ ಇಪ್ಪತ್ತು ಎಂಜಿನ್ ಕೊಟ್ಟರು. ಗುತ್ತಿ, ಪುಣೆ, ಹುಬ್ಬಳ್ಳಿಯ ಡೀಸೆಲ್ ಶೆಡ್ಡುಗಳಿಗೆ ಈಗ ಕರೆಂಟಿನ ಎಂಜಿನ್‌ಗಳೂ ಬಂದಿವೆ. ಆಶ್ಚರ್ಯವೆಂದರೆ ಡೀಸೆಲ್ ಎಂಜಿನ್ ತಯಾರಿಕೆ ನಿಂತಿಲ್ಲ. 2025ರ ಜೂನ್‌ನಲ್ಲಿ ಬಿಹಾರದ ಮಢೌರಾ ಕಾರ್ಖಾನೆಯಿಂದ ಆಫ್ರಿಕದ ಗಿನಿ ದೇಶಕ್ಕೆ ಹೊಸ ಡೀಸೆಲ್ ಎಂಜಿನ್ ಹೊರಟಿತು.

ನಮ್ಮ ಕಡೆಯೂ ಪೂರ್ತಿ ಕಾಣೆಯಾಗಿಲ್ಲ. ಸರಕು ತುಂಬುವ, ಇಳಿಸುವ ಜಾಗದಲ್ಲಿ ತಲೆಯ ಮೇಲೆ ತಂತಿ ಇಡುವಂತಿಲ್ಲ. ಯಂತ್ರದ ಕೈಗಳಿಗೆ ತಗಲುತ್ತದೆ. ಇಂಥ ಕಡೆ ಗಾಡಿಯನ್ನು ಒಳಗೆ ದೂಡಲು, ಹೊರಗೆ ಎಳೆಯಲು ಡೀಸೆಲ್ಲೇ ಬೇಕು. ಎಲ್ಲಾದರೂ ಅಪಘಾತವಾಗಿ ತಂತಿ ಹರಿದು ಬಿದ್ದರೆ ನೆರವಿಗೆ ಓಡುವುದೂ ಅದೇ. ಹಾಗಾಗಿ ವಾಡಿಯ ಕಡೆ ಹೋದಾಗ ಪಾದಚಾರಿ ಸೇತುವೆಯ ಮೇಲೆ ನಿಂತು ಕಿವಿಗೊಡಿ. ಢಬ್ ಢಬ್ ಕೇಳಿದರೆ ಪುಣ್ಯ.

ಕಲಬುರಗಿಯಿಂದ ಆಳಂದದ ಮೇಲೆ ಲಾತೂರಿಗೆ ರೈಲು ಬೇಕೆಂಬ ಬೇಡಿಕೆ ನನ್ನಷ್ಟೇ ಹಳೆಯದು. ಅದು ಬಂದರೆ ಈಗಿನ ರೀತಿಯಂತೆ ಕಂಬ, ತಂತಿಗಳ ಜೊತೆಗೇ ಬರುತ್ತದೆ. ಉಗಿಯದೂ ಕಾಣದೆ, ಡೀಸೆಲ್ಲಿನದೂ ಕಾಣದೆ, ನಮ್ಮ ಆಳಂದ ನೇರವಾಗಿ ಮೂರನೇ ಇಯತ್ತೆಗೆ ಸೇರಿದ ಹುಡುಗನಂತಾಗುತ್ತದೆ. ಆ ದಿನ ನಾನಿದ್ದರೆ ಸ್ಟೇಷನ್ನಿಗೆ ಹೋಗಿ ಮೊದಲ ಗೂಡ್ಸಿನ ವ್ಯಾಗನ್ ನಂಬರ್ ಬರೆದುಕೊಳ್ಳುವೆ.

ಈ ವಾರದ ಲೆಕ್ಕ: 5,000 ಲೀಟರ್ ತುಂಬಿದ ಟಾಕಿಯ ಎಂಜಿನ್ ಗಂಟೆಗೆ 25 ಲೀಟರಿನಂತೆ ನಿಂತಲ್ಲೇ ತಿರುಗುತ್ತಿದ್ದರೆ ಎಷ್ಟು ದಿನ, ಎಷ್ಟು ಗಂಟೆಗೆ ಟಾಕಿ ಬರಿದಾಗುತ್ತದೆ? ಸಣ್ಣ ಸಹಾಯಕ ಎಂಜಿನ್ 3 ಲೀಟರಿನಂತೆ ತಿರುಗಿದರೆ? ಫೋನ್ ಮುಟ್ಟದೆ ಕಾಗದದ ಮೇಲೆ ಮಾಡಿ. ಅಜ್ಜಂದಿರು ಹೇಳಿಕೊಡಬಾರದು. ಉತ್ತರ ಮುಂದಿನ ವಾರ.